ಹಾಳೂರು ನೋಡೋಕೆ 225 ಡಾಲರ್ ಕಟ್ಟಿದೋನು ನಾನು, ನೀವು ಕಟ್ಟಬೇಡಿ

ಮೊದಲೇ ಹೇಳಿಬಿಡ್ತೀನಿ. ಅಮೆರಿಕದ ಕೊಲೊರಾಡೊದಲ್ಲಿರೋ ಅನಿಮಸ್ ಫೋರ್ಕ್ಸ್ ಅನ್ನೋ ಹಾಳೂರು ನೋಡೋಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಗೇಟೇ ಇಲ್ಲ.

ಊರಿಂದ ಅತ್ತೆ-ಮಾವ ಬಂದಿದ್ರು. ಪರಿಚಯದವರು ಒಬ್ಬ ಏಜೆಂಟ್ ನಂಬರ್ ಕೊಟ್ರು. ಕನ್ನಡದೋನೇ. "ಹಾಸನದವ್ರಾ? ಹಂಗಾದ್ರೆ ನಮ್ಮೋರೇ ಬಿಡಿ ಸರ್" ಅಂದ. ಅಲ್ಲೇ ನಾನು ಮೆತ್ತಗಾದೆ. ಹೋಟೆಲ್ ಬಿಲ್ ಜತೆ ತಲೆಗೆ 45 ಡಾಲರ್‌ನಂತೆ ಐದು ಜನಕ್ಕೆ "ಘೋಸ್ಟ್ ಟೌನ್ ಎಂಟ್ರಿ ಪರ್ಮಿಟ್". ಕ್ಯೂಆರ್ ಕೋಡ್ ಇರೋ ಪಿಡಿಎಫ್ ಬೇರೆ. ಇಲ್ಲಿ ನ್ಯಾಷನಲ್ ಪಾರ್ಕಿಗೆಲ್ಲ ದುಡ್ಡು ಕಟ್ಟಿಯೇ ಅಭ್ಯಾಸ, ಅನುಮಾನ ಬರಲಿಲ್ಲ.

ಸಿಲ್ವರ್ಟನ್‌ನಲ್ಲಿ ಜೀಪ್ ಬಾಡಿಗೆಗೆ ಹಿಡಿದ್ವಿ. ಅಲ್ಲಿಂದ 12 ಮೈಲಿ, ದಾರೀಲಿ ಯುರೇಕಾ ಅನ್ನೋ ಜಾಗ ದಾಟಿದ್ಮೇಲೆ ಬರೀ ಕಲ್ಲು. ಊರಿರೋದು 11,200 ಅಡಿ ಮೇಲೆ, ನಮ್ಮ ಮುಳ್ಳಯ್ಯನಗಿರಿಗಿಂತ ಹತ್ತಿರ ಹತ್ತಿರ ಐದು ಸಾವಿರ ಅಡಿ ಜಾಸ್ತಿ. ಇಳಿದು ನಾಲ್ಕು ಹೆಜ್ಜೆಗೆ ಮಾವನವರಿಗೆ ಏದುಸಿರು. ನಾನೇನ್ ಮಾಡ್ತಿದ್ದೆ? ಪ್ರಿಂಟೌಟ್ ಹಿಡ್ಕೊಂಡು ಕೌಂಟರ್ ಹುಡುಕ್ತಿದ್ದೆ. ಹೌದು, ಕೌಂಟರ್! ಬಾಗಿಲೇ ಇಲ್ಲದ ಮರದ ಮನೆಗಳ ಮಧ್ಯೆ!

1879ರ ಡಂಕನ್ ಮನೆ ಅಂತ ಒಂದಿದೆ, ಮುಂದಕ್ಕೆ ಚಾಚಿಕೊಂಡ ಕಿಟಕಿಯದ್ದು. ಅದರೊಳಗೆ ಒಬ್ಬರು ಅಜ್ಜಿ, ನಾಯಿ ಜತೆ. ಟಿಕೆಟ್ ಎಲ್ಲಿ ತೋರಿಸ್ಬೇಕು ಅಂತ ಅವರನ್ನೇ ಕೇಳಿದೆ. ಹಾಳೆ ಇಸ್ಕೊಂಡು, ಕನ್ನಡಕ ಏರಿಸಿ, ಪೂರ್ತಿ ಓದಿದ್ರು. ನಗಲಿಲ್ಲ. ನಕ್ಕಿದ್ರೆ ವಾಸಿ ಇತ್ತು. "ಇದು ಸರ್ಕಾರಿ ಜಾಗಪ್ಪ, ಯಾರು ಬೇಕಾದ್ರೂ ಬರಬಹುದು" ಅಂತ ಮೆಲ್ಲಗೆ ಹೇಳಿ, ನಾಲ್ಕಾಗಿ ಮಡಚಿ ವಾಪಸ್ ಕೊಟ್ರು.

"ಅಪ್ಪಾ, ಹಾಗಾದ್ರೆ ಫ್ರೀನಾ?" ಮಗಳು, ಎಲ್ಲರಿಗೂ ಕೇಳೋ ಹಾಗೆ. 1884ರಲ್ಲಿ ಇಲ್ಲಿ 23 ದಿನ ಬಿಡದೆ ಹಿಮ ಸುರಿದು, ಜನ ಮನೆಯಿಂದ ಮನೆಗೆ ಹಿಮದೊಳಗೇ ಸುರಂಗ ತೋಡ್ಕೊಂಡು ಓಡಾಡಿದ್ರಂತೆ. ನಂಗೂ ಅಂಥದ್ದೊಂದು ಬೇಕಿತ್ತು. ಮಾವ "ಹೋಗ್ಲಿ ಬಿಡಿ ಅಳಿಯಂದಿರೇ" ಅಂದ್ರು. ಆ "ಹೋಗ್ಲಿ ಬಿಡಿ" ಇನ್ನೂ ಚುಚ್ತಿದೆ.

1883ರಲ್ಲಿ 450 ಜನ ಇದ್ದ ಊರದು. ಬೆಳ್ಳಿ ಬೆಲೆ ಬಿತ್ತು, ಗಣಿಗಳು ನಿಂತ್ವು, 1920ರ ದಶಕದ ಹೊತ್ತಿಗೆ ಖಾಲಿ. ಹಾಳೂರಿಗೆ ಉಳಿದೋನೇ ಗೌಡ ಅಂತಾರೆ. ಇಲ್ಲಿ ಉಳಿದೋನೂ ಇಲ್ಲ, ಎಲ್ಲೋ ಕೂತೋನು ಕಂದಾಯ ಎತ್ತಿದ!

ಮೇಲೆ ಸಿಗ್ನಲ್ ಇಲ್ಲ. ಸಿಲ್ವರ್ಟನ್‌ಗೆ ಇಳಿದು ಫೋನ್ ಹಚ್ಚಿದೆ.

"ಸರ್, ಅದು ಎಂಟ್ರಿ ಅಲ್ಲ, ಪ್ರೊಸೆಸಿಂಗ್."

"ಯಾವುದರ ಪ್ರೊಸೆಸಿಂಗ್?"

"ಫಾರೆಸ್ಟ್ ಪರ್ಮಿಟ್ ಸರ್."

ಆ ಎತ್ತರದಲ್ಲಿ ಮರ ಅನ್ನೋದೇ ಅಷ್ಟಕ್ಕಷ್ಟೆ, ಫಾರೆಸ್ಟ್ ಅಂತೆ! ಯಾವ ಆಫೀಸಿಗೆ ಕಟ್ಟಿದೆ, ರಸೀದಿ ಕಳ್ಸು ಅಂದೆ. "ಚೆಕ್ ಮಾಡ್ತೀನಿ ಸರ್." ಮಾರನೇ ದಿನ ಮೆಸೇಜ್ ಬಂತು. ರಸೀದಿ ಅಲ್ಲ. "ಸರ್, ನಮ್ಮೋರು ನಮ್ಮೋರ ಬಗ್ಗೆ ಹಿಂಗೆ ಮಾತಾಡಬಾರದು. ಒಂದು ಒಳ್ಳೆ ರಿವ್ಯೂ ಹಾಕಿ, ಮುಂದಿನ ಟ್ರಿಪ್‌ಗೆ 10 ಪರ್ಸೆಂಟ್ ಬಿಡ್ತೀನಿ." ಆಮೇಲೆ ಬ್ಲಾಕ್.

ಈ ಜಾಗ ನೋಡಿಕೊಳ್ಳೋದು ಫೆಡರಲ್ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಪರ್ಮಿಟ್ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಯಾವ ಇಲಾಖೆದು ಅಂತ ಮೊದಲು ಕೇಳಿ, ಆಮೇಲೆ ನೀವೇ ಅಲ್ಲಿಗೆ ಫೋನ್ ಮಾಡಿ. "ನಮ್ಮೋರು" ಅಂದ್ರೆ ಎರಡು ಸಲ ಮಾಡಿ.

ಜೀಪಿನವನು ಪುಕ್ಕಟೆ ಒಂದು ಮ್ಯಾಪ್ ಕೊಟ್ಟಿದ್ದ. ಹಿಂದಿರುಗಿಸೋವಾಗ ಸೀಟಿನ ಕೆಳಗೆ ಸಿಕ್ತು. ಅನಿಮಸ್ ಫೋರ್ಕ್ಸ್ ಪಕ್ಕದಲ್ಲೇ ಬರೆದಿತ್ತು, ಪ್ರವೇಶ ಉಚಿತ ಅಂತ.