ನೇರವಾಗಿ ತಿರುಗುತ್ತಿದೆ ಅಂತ ನಂಬಬೇಡಿ: ಮೊದಲ ಸಲ ಸೈಕಲ್ ಚಕ್ರ ಕಟ್ಟುವವರಿಗೆ ಎಚ್ಚರಿಕೆ

ಹೊಸ ರಿಮ್, ಹೊಸ ಹಬ್, 32 ಹೊಸ ಕಡ್ಡಿ. ಮನೆಯಲ್ಲೇ ಮೊದಲ ಸಲ ಕಟ್ಟಿದ ಹಿಂದಿನ ಚಕ್ರ. ಸ್ಟ್ಯಾಂಡಿಗೆ ಹಾಕಿ ತಿರುಗಿಸಿದರೆ ಅರ್ಧ ಮಿ.ಮೀ. ಕೂಡ ಆಚೀಚೆ ಆಗುತ್ತಿರಲಿಲ್ಲ. ರಸ್ತೆಗಿಳಿದ ಸ್ವಲ್ಪ ದಿನಕ್ಕೇ ಬೆಂಡ್ ಬಂತು. ತೆಗೆದರೆ ಮತ್ತೆ ಬಂತು. ಆಮೇಲೆ ಎಡಗಡೆಯ ಕಡ್ಡಿಗಳು ಹಬ್ ಪಕ್ಕದ ಬಾಗಿನಲ್ಲಿ ಒಂದೊಂದಾಗಿ ಮುರಿಯತೊಡಗಿದವು. ಬಿಚ್ಚಿ ನೋಡಿದರೆ ತಪ್ಪು ಕಡ್ಡಿಯ ಗುಣಮಟ್ಟದ್ದಲ್ಲ, ಅಳತೆಯದು: ಎರಡೂ ಬದಿಗೆ ಒಂದೇ ಉದ್ದದ ಕಡ್ಡಿ ಹಾಕಲಾಗಿತ್ತು.

ಗೇರ್ ಇರುವ ಹಿಂದಿನ ಹಬ್‌ನಲ್ಲಿ ಬಲಗಡೆಯ ಫ್ಲೇಂಜ್ (ಕಡ್ಡಿ ಸಿಕ್ಕಿಸುವ ತೂತುಗಳಿರುವ ಅಂಚು) ಮಧ್ಯಕ್ಕೆ ಹತ್ತಿರ, ಸುಮಾರು 18 ಮಿ.ಮೀ.; ಎಡಗಡೆಯದು ಸುಮಾರು 35 ಮಿ.ಮೀ. ದೂರ. ಹಾಗಾಗಿ ಬಲಗಡೆಯ ಕಡ್ಡಿ ಒಂದೂವರೆಯಿಂದ ಎರಡು ಮಿ.ಮೀ. ಗಿಡ್ಡ ಇರಬೇಕು. ಎಡಗಡೆಯ ಉದ್ದವನ್ನೇ ಬಲಕ್ಕೂ ಹಾಕಿ, ರಿಮ್‌ನ ಅಳತೆಯೂ ಸ್ವಲ್ಪ ತಪ್ಪಿದ್ದರೆ ಬಿಗಿ ಮಾಡುತ್ತಾ ಹೋದ ಹಾಗೆ ಕಡ್ಡಿಯ ಥ್ರೆಡ್ ಮುಗಿದುಹೋಗುತ್ತದೆ. ಕಡ್ಡಿಯ ಮೇಲೆ ಥ್ರೆಡ್ ಇರುವುದೇ 9–10 ಮಿ.ಮೀ. ಅದು ಮುಗಿದ ಕೂಡಲೇ ನಿಪ್ಪಲ್ (ರಿಮ್ ಬಳಿ ಕಡ್ಡಿಯ ತುದಿಗೆ ಹಾಕುವ ಪುಟ್ಟ ನಟ್) ಬಿಗಿ ಮಾಡುವ ಕೀ ತಿರುಗಿಸಲು ಗಟ್ಟಿಯಾಗುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲೇ. ಕೀ ಗಟ್ಟಿಯಾಯಿತು, ಅಂದರೆ ಕಡ್ಡಿ ಬಿಗಿಯಾಯಿತು ಅಂದುಕೊಂಡು ನಿಲ್ಲಿಸುತ್ತಾರೆ. ಆದರೆ ಕಡ್ಡಿ ಇನ್ನೂ ಸಡಿಲವೇ. ಅಕ್ಕಪಕ್ಕದ ಎರಡು ಕಡ್ಡಿಗಳನ್ನು ಒಟ್ಟಿಗೆ ಹಿಡಿದು ಹಿಚುಕಿ, ಸಲೀಸಾಗಿ ಹತ್ತಿರ ಬಂದರೆ ಬಿಗಿ ಸಾಲದು.

ಸಡಿಲ ಚಕ್ರವೂ ನೇರವಾಗಿ ತಿರುಗುತ್ತದೆ. ನೇರಕ್ಕೂ ಗಟ್ಟಿತನಕ್ಕೂ ಸಂಬಂಧ ಕಡಿಮೆ. ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಪ್ರತಿ ಸುತ್ತಿಗೂ ಒಮ್ಮೆ ಇಳಿಯುತ್ತದೆ. ಮೊದಲೇ ಬಿಗಿ ಕಡಿಮೆ ಇದ್ದರೆ ಅದು ಪೂರ್ತಿ ಸಡಿಲಗೊಂಡು ಫ್ಲೇಂಜ್‌ನ ತೂತಿನಲ್ಲಿ ಅಲುಗಾಡುತ್ತದೆ, ನಿಪ್ಪಲ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಬಾಗು ದಣಿದು ಮುರಿಯುತ್ತದೆ. ಎಡಗಡೆಯ ಬಿಗಿ ಹೇಗೂ ಬಲಗಡೆಯದರ ಅರ್ಧದಷ್ಟೇ ಇರುವುದರಿಂದ ಏಟು ಮೊದಲು ಬೀಳುವುದು ಅಲ್ಲಿಗೆ.

ಕಡ್ಡಿ ಕೊಳ್ಳುವ ಮುಂಚೆ ರಿಮ್ ಮತ್ತು ಹಬ್ ಕೈಯಲ್ಲಿರಲಿ. ಪಟ್ಟಿಯಲ್ಲಿ ಕೊಟ್ಟ ರಿಮ್ ಅಳತೆಯನ್ನೇ ನಂಬಬೇಡಿ, ತಯಾರಕರೆಲ್ಲ ಒಂದೇ ಬಿಂದುವಿನಿಂದ ಅಳೆಯುವುದಿಲ್ಲ. ಎರಡು ಹಳೆಯ ಕಡ್ಡಿಗಳ ಬಾಗು ಕತ್ತರಿಸಿ, ಥ್ರೆಡ್ ಇರುವ ತುದಿಯಿಂದ ಸರಿಯಾಗಿ 200 ಮಿ.ಮೀ. ಉದ್ದ ಉಳಿಸಿ. ಕಡ್ಡಿಯ ತುದಿ ನಿಪ್ಪಲ್‌ನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳಿನ ತಳಕ್ಕೆ ಸಮ ಬರುವ ಹಾಗೆ ತಿರುಗಿಸಿ. ರಿಮ್‌ನ ಎದುರುಬದುರು ತೂತುಗಳಿಗೆ ಹಾಕಿ ಎಳೆದು ಹಿಡಿದು, ಕತ್ತರಿಸಿದ ಎರಡು ತುದಿಗಳ ನಡುವಿನ ಅಂತರ ಅಳೆದು 400 ಸೇರಿಸಿ. ಮೂರ್ನಾಲ್ಕು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ. ಇದು ವ್ಯಾಸ, ಆದ್ದರಿಂದ ಇಲ್ಲಿ 4 ಮಿ.ಮೀ. ತಪ್ಪಿದರೆ ಕಡ್ಡಿಯ ಉದ್ದದಲ್ಲಿ ಸುಮಾರು 2 ಮಿ.ಮೀ. ತಪ್ಪುತ್ತದೆ. ಕಡ್ಡಿಯ ಉದ್ದದ ಲೆಕ್ಕಕ್ಕೆ ಹಬ್‌ನಲ್ಲಿ ಫ್ಲೇಂಜ್ ತೂತುಗಳ ವೃತ್ತದ ವ್ಯಾಸ, ಮಧ್ಯದಿಂದ ಪ್ರತಿ ಫ್ಲೇಂಜ್‌ಗೆ ಇರುವ ದೂರ, ಎರಡೂ ಬೇಕು. ಕಡ್ಡಿಯ ಉದ್ದ ಅಳೆಯುವುದು ಬಾಗಿನ ಒಳಬದಿಯಿಂದ, ತಲೆಯಿಂದಲ್ಲ.

ಗಿಡ್ಡ ಕಡ್ಡಿಯ ಅಪಾಯ ಬೇರೆ ಥರ. ಥ್ರೆಡ್ ನಿಪ್ಪಲ್‌ನ ತಲೆಯವರೆಗೆ ಮುಟ್ಟದಿದ್ದರೆ ತಲೆಯೇ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ನಿಪ್ಪಲ್ ಆದರೆ ಇನ್ನೂ ಬೇಗ. ಮೊದಲ ಚಕ್ರಕ್ಕೆ ಹಿತ್ತಾಳೆಯದನ್ನೇ ಹಾಕಿ.

ಕಡ್ಡಿಗಳನ್ನು ಹಬ್‌ನಿಂದ ರಿಮ್‌ಗೆ ಹೆಣೆಯುವುದಕ್ಕೆ ಜನ ಸುಮ್ಮನೆ ಹೆದರುತ್ತಾರೆ. ತಪ್ಪಿದರೆ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಮತ್ತೆ ಹೆಣೆದರಾಯಿತು. ರಿಮ್‌ನ ತೂತುಗಳು ಎಡಕ್ಕೊಂದು ಬಲಕ್ಕೊಂದು ವಾಲಿದ್ದರೆ ಆಯಾ ಬದಿಯ ಫ್ಲೇಂಜ್‌ನ ಕಡ್ಡಿಯೇ ಅಲ್ಲಿಗೆ ಹೋಗಬೇಕು ಅನ್ನುವುದೊಂದು ನೆನಪಿರಲಿ. ಥ್ರೆಡ್‌ಗೂ ರಿಮ್‌ನಲ್ಲಿ ನಿಪ್ಪಲ್ ಕೂರುವ ಜಾಗಕ್ಕೂ ಒಂದು ತೊಟ್ಟು ಎಣ್ಣೆ ಬಿಡಿ. ಒಣಗಿದ ನಿಪ್ಪಲ್ ಕೂಡ ಕೀಗೆ ಗಟ್ಟಿ ಅನ್ನಿಸಿ ಅದೇ ಮೋಸ ಮಾಡುತ್ತದೆ. ಕೀ ನಿಪ್ಪಲ್‌ಗೆ ಸರಿಯಾಗಿ ಕೂರಬೇಕು, 3.23, 3.30, 3.45 ಮಿ.ಮೀ. ಅಂತ ಅಳತೆಗಳು ಹತ್ತಿರಹತ್ತಿರ ಇರುವುದರಿಂದ ದೊಡ್ಡದು ಹಾಕಿದರೆ ಮೂಲೆ ಸವೆದು ನಿಪ್ಪಲ್ ದುಂಡಾಗುತ್ತದೆ.

ಬಿಗಿ ಏರಿಸುವಾಗ ಎಲ್ಲಾ ಕಡ್ಡಿಗೂ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ರಿಮ್ ಮೇಲೆ ಕೆಳಗೆ ಕುಣಿಯುವುದನ್ನು ಬಿಗಿ ಕಡಿಮೆ ಇರುವಾಗಲೇ ತೆಗೆಯಿರಿ, ಆಮೇಲೆ ಕಷ್ಟ. ನಡುಭಾಗ ತೆಳುವಾಗಿರುವ ಕಡ್ಡಿಗಳು ನಿಪ್ಪಲ್ ಜೊತೆ ತಾವೂ ತಿರುಚಿಕೊಳ್ಳುತ್ತವೆ. ಒಂದೆರಡು ಕಡ್ಡಿಗೆ ಚೂರು ಟೇಪ್ ಬಾವುಟದಂತೆ ಅಂಟಿಸಿ, ಬಾವುಟ ಎಷ್ಟು ತಿರುಗಿತೋ ಅಷ್ಟು ಹೆಚ್ಚಿಗೆ ತಿರುಗಿಸಿ ವಾಪಸ್ ತನ್ನಿ. ಇಲ್ಲದಿದ್ದರೆ ಮೊದಲ ಸವಾರಿಯಲ್ಲೇ ಟಿಣ್ ಟಿಣ್ ಅಂತ ಬಿಚ್ಚಿಕೊಂಡು ಬೆಂಡ್ ವಾಪಸ್ ಬರುತ್ತದೆ.

ಬಲಗಡೆ 100ರಿಂದ 120 ಕೆ.ಜಿ. ಬಲದಷ್ಟು ಬಿಗಿ ಸಾಮಾನ್ಯ, ಆದರೆ ರಿಮ್ ತಯಾರಕರು ಹೇಳಿದ ಮಿತಿ ದಾಟಬೇಡಿ. ದಾಟಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಕಡ್ಡಿಯ ಬಿಗಿ ಅಳೆಯುವ ಟೆನ್ಷನ್ ಮೀಟರ್ ಎರವಲಾದರೂ ತನ್ನಿ. ಕಡ್ಡಿ ಮೀಟಿ ಸದ್ದು ಕೇಳುವುದರಿಂದ ಒಂದು ಬದಿಯ ಕಡ್ಡಿಗಳೆಲ್ಲ ಸಮ ಇವೆಯೇ ಅಂತ ಮಾತ್ರ ಗೊತ್ತಾಗುತ್ತದೆ, ಬಿಗಿ ಎಷ್ಟು ಅಂತಲ್ಲ. ಕೊನೆಗೆ ಜೋಡಿ ಜೋಡಿ ಕಡ್ಡಿಗಳನ್ನು ಕೈಗವಸು ಹಾಕಿ ಬಲವಾಗಿ ಹಿಚುಕಿ, ಮತ್ತೆ ನೇರ ಮಾಡಿ. ಹಿಚುಕಿದ ಮೇಲೆ ಚಕ್ರ ಅಲುಗದೆ ನಿಲ್ಲುವವರೆಗೂ ಇದನ್ನು ಬಿಡಬೇಡಿ.

ಈಗಾಗಲೇ ಕಡ್ಡಿ ಮುರಿಯುತ್ತಿರುವ ಚಕ್ರ ನಿಮ್ಮ ಹತ್ತಿರ ಇದ್ದರೆ, ಮುರಿದದ್ದನ್ನಷ್ಟೇ ಬದಲಿಸುತ್ತಾ ಕೂರಬೇಡಿ. ಆ ಬದಿಯ ಉಳಿದವೂ ಅಷ್ಟೇ ದಣಿದಿರುತ್ತವೆ. ಹಬ್, ರಿಮ್ ಎರಡನ್ನೂ ಉಳಿಸಿಕೊಂಡು, ಅಳತೆ ಹೊಸದಾಗಿ ತೆಗೆದು, ಎರಡೂ ಬದಿಯ ಕಡ್ಡಿ ಪೂರ್ತಿ ಹೊಸದು ಹಾಕಿ.