ಜಿಂಕೆ ಬೇಟೆಗೆ 7 ಎಂಎಂ-08: ಎರಡು ಹಂಗಾಮಿನ ಬಳಿಕ ಒಂದು ವಿಮರ್ಶೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದ ಗುಡ್ಡಗಾಡಿನಲ್ಲಿ ಎರಡು ಹಂಗಾಮು ಬಿಳಿಬಾಲದ ಜಿಂಕೆಯ ಬೇಟೆಯಾಡಿದ ಮೇಲೆ, ನಾನು ಕೊಂಡ ಬಂದೂಕಿಗಿಂತ ಅದರ ಕ್ಯಾಲಿಬರಿನ, ಅಂದರೆ ಅದು ಹೊಡೆಯುವ 7 ಎಂಎಂ-08 ಎಂಬ ತೋಟೆಯ (ಗುಂಡು, ಮದ್ದು ಸೇರಿದ ಖೋಲಿನ) ಅಳತೆಯ ಬಗ್ಗೆ ಬರೆಯುವುದೇ ಹೆಚ್ಚು ಉಪಯುಕ್ತವೆಂದು ತೋರಿತು. ಬಂದೂಕು ಸಾಮಾನ್ಯ ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟೆ ಏರಿಸುವಂಥದು. ಸ್ಕೋಪ್ ಸೇರಿ ಮೂರೂವರೆ ಕಿಲೋ ತೂಗುತ್ತದೆ. ಅಂಥವನ್ನು ಇಂದು ಹಲವು ಕಂಪನಿಗಳು ತಯಾರಿಸುತ್ತವೆ, ಮಧ್ಯಮ ಬೆಲೆಯವು ಕೂಡ ನನ್ನ ಕೈಗಿಂತ ನಿಖರವಾಗಿಯೇ ಇರುತ್ತವೆ. ಸ್ಕೋಪ್ ಹಿಡಿಸದಿದ್ದರೆ ಬದಲಿಸಬಹುದು, ಹಿಡಿ ಉದ್ದವಾದರೆ ಕತ್ತರಿಸಬಹುದು. ಆದರೆ ಕ್ಯಾಲಿಬರ್ ಬೇಡವೆನಿಸಿದರೆ ಸಾಮಾನ್ಯವಾಗಿ ನಳಿಗೆಯನ್ನೇ ಬದಲಿಸಬೇಕಾಗುತ್ತದೆ.

ನಾನು ಕೊಡಗಿನವನಾದ್ದರಿಂದ ಕೋವಿ ನನಗೆ ಹೊಸದಲ್ಲ, ಆದರೆ ರೈಫಲ್ ಹೊಸದು. ನಮ್ಮ ಮನೆಯಲ್ಲಿರುವುದು ಜೋಡುನಳಿಗೆಯ ಹನ್ನೆರಡು ಬೋರಿನ ತೋಟಾಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತುಹೋದ ಕಾರಣ, ನಾನು ಕಂಡಂತೆ ಅದು ಹೊರಬರುತ್ತಿದ್ದುದು ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ತೋಕ್‌ಪೂ (ಕೋವಿ ಹೂ) ಮುಡಿಸಿಕೊಂಡು ಪೂಜೆಗೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ. ಅಲ್ಲಿ ಕ್ಯಾಲಿಬರ್ ಆರಿಸುವ ಪ್ರಶ್ನೆ ಏಳುವುದಿಲ್ಲ. ಭಾರತದಲ್ಲಿ ರೈಫಲ್ ಕೊಳ್ಳುವವರಿಗೂ ಆಯ್ಕೆ ಕಡಿಮೆಯೇ: ಸೇನೆಯ .303 ನಿಷೇಧಿತ ಬೋರಿನ ಪಟ್ಟಿಯಲ್ಲಿರುವುದರಿಂದ ಬಹಳ ಜನ .315ರಲ್ಲಿ ತೃಪ್ತರಾಗುತ್ತಾರೆ. ಇಲ್ಲಿಯ ಅಂಗಡಿಯಲ್ಲಿ ಒಂದೇ ಮಾದರಿಯ ಬಂದೂಕು ಹತ್ತು ಹನ್ನೆರಡು ಕ್ಯಾಲಿಬರುಗಳಲ್ಲಿ ಸಾಲಾಗಿ ನಿಂತಿದ್ದುದನ್ನು ಕಂಡಾಗ, ಕೋವಿಯ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಕೇಳುವುದೇನೆಂದೂ ತಿಳಿಯಲಿಲ್ಲ.

ಮೊದಲ ತೊಡಕು ಹೆಸರುಗಳದು. .30-06 ಎಂಬುದರಲ್ಲಿ 06 ಎಂದರೆ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ 1906ನೇ ಇಸವಿ. .30-30ರ ಎರಡನೆಯ 30 ಹಿಂದೆ ಅದರಲ್ಲಿ ತುಂಬುತ್ತಿದ್ದ ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. 7 ಎಂಎಂ-08ರ 08 ಇಸವಿಯೂ ಅಲ್ಲ, ತೂಕವೂ ಅಲ್ಲ, ಅದು .308 ವಿಂಚೆಸ್ಟರ್ ತೋಟೆಯ ಕುತ್ತಿಗೆಯನ್ನು ಕಿರಿದುಗೊಳಿಸಿ ಮಾಡಿದ್ದು ಎಂಬುದರ ಗುರುತು. .270 ಎಂದು ಕರೆಯುವ ಗುಂಡಿನ ನಿಜವಾದ ವ್ಯಾಸ .277 ಅಂಗುಲ, 7 ಎಂಎಂ ಗುಂಡಿನದು .284. ಅಂದರೆ ಈ ಎರಡರ ಅಭಿಮಾನಿಗಳು ತಲೆಮಾರುಗಳಿಂದ ಜಗಳವಾಡುತ್ತಿರುವುದು ಎರಡು ಕೂದಲೆಳೆ ದಪ್ಪದ ಅಂತರಕ್ಕಾಗಿ.

ನಾನು ಕೊನೆಗೆ ಉಳಿಸಿಕೊಂಡ ಪಟ್ಟಿಯಲ್ಲಿ ಐದು ಹೆಸರುಗಳಿದ್ದವು. 1955ರ .243 ವಿಂಚೆಸ್ಟರ್ 100 ಗ್ರೇನ್ ಗುಂಡನ್ನು ಸೆಕೆಂಡಿಗೆ 2,960 ಅಡಿ ವೇಗದಲ್ಲಿ ಕಳಿಸುತ್ತದೆ. ಹಾರ್ನಡಿ ಕಂಪನಿ 2007ರಲ್ಲಿ ತಂದ 6.5 ಕ್ರೀಡ್‌ಮೋರ್ 143 ಗ್ರೇನ್ ಗುಂಡನ್ನು 2,700 ಅಡಿಯಲ್ಲಿ, 1980ರ 7 ಎಂಎಂ-08 ರೆಮಿಂಗ್ಟನ್ 140 ಗ್ರೇನ್ ಗುಂಡನ್ನು ಸುಮಾರು 2,800 ಅಡಿಯಲ್ಲಿ, 1952ರ .308 ವಿಂಚೆಸ್ಟರ್ 150 ಗ್ರೇನ್ ಗುಂಡನ್ನು 2,820 ಅಡಿಯಲ್ಲಿ, .30-06 ಅದೇ ತೂಕದ ಗುಂಡನ್ನು 2,900 ಅಡಿಯ ಆಸುಪಾಸಿನಲ್ಲಿ ಹೊಡೆಯುತ್ತವೆ. (140 ಗ್ರೇನ್ ಎಂದರೆ ಸುಮಾರು 9 ಗ್ರಾಂ.) .350 ಲೆಜೆಂಡ್‌ನ್ನು ನಾನು ಪಟ್ಟಿಗೆ ಸೇರಿಸಲೇ ಇಲ್ಲ. 2019ರಲ್ಲಿ ಬಂದ ಆ ತೋಟೆ, ಕುತ್ತಿಗೆಯಿಲ್ಲದ ನೇರ ತೋಟೆಗಳನ್ನಷ್ಟೇ ಜಿಂಕೆ ಬೇಟೆಗೆ ಒಪ್ಪುವ ಒಹಾಯೊದಂಥ ರಾಜ್ಯಗಳಿಗೆ ತಕ್ಕದ್ದು. ವಿಸ್ಕಾನ್ಸಿನ್ 2013ರಿಂದ ರಾಜ್ಯದಾದ್ಯಂತ ರೈಫಲಿಗೆ ಅನುಮತಿ ನೀಡಿರುವುದರಿಂದ ನನಗೆ ಆ ಕಟ್ಟುಪಾಡು ಇರಲಿಲ್ಲ.

ಈ ಅಂಕಿಗಳನ್ನು ಕಂಡು ಒಂದು ತಿಂಗಳು ತಲೆ ಕೆಡಿಸಿಕೊಂಡೆನೆಂದು ಹೇಳಲು ಈಗ ಸಂಕೋಚವಾಗುತ್ತದೆ. 200 ಗಜಕ್ಕೆ ಗುರಿ ಹೊಂದಿಸಿದ ಬಂದೂಕಿನಲ್ಲಿ 300 ಗಜದ ಹೊತ್ತಿಗೆ ಗುಂಡು ಕೆಳಗಿಳಿಯುವುದು ಇವುಗಳಲ್ಲಿ ಹೆಚ್ಚಿನವುಗಳಿಗೆ ಏಳೆಂಟು ಅಂಗುಲ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಒಂದೆರಡು ಅಂಗುಲ ಮಾತ್ರ. ನಾನು ಕುಳಿತುಕೊಳ್ಳುವ ಓಕ್ ಮರದ ಅಟ್ಟಣೆಯಿಂದ ಕಣ್ಣಿಗೆ ಕಾಣುವ ಅತಿ ದೂರದ ಜಾಗ, ಮೆಕ್ಕೆಜೋಳ ಕೊಯ್ದ ಹೊಲದ ಆಚೆಯ ಬೇಲಿ, ಅಳೆದು ನೋಡಿದರೆ 190 ಗಜ. ಆ ಜಮೀನಿನ ಯಜಮಾನರು, ಎಪ್ಪತ್ತು ದಾಟಿದ ಹೈನುಗಾರರು, ತಮ್ಮ ತಂದೆಯ ಕಾಲದ .30-30ರ, ಲಿವರ್ (ಸನ್ನೆ) ಎಳೆದು ತೋಟೆ ಏರಿಸುವ ಬಂದೂಕಿನಿಂದಲೇ ಪ್ರತಿವರ್ಷ ಫ್ರೀಜರ್ ತುಂಬಿಸಿಕೊಳ್ಳುತ್ತಾರೆ. 1895ರ ಆ ತೋಟೆ ಮೇಲಿನ ಯಾವುದೇ ಲೆಕ್ಕದಲ್ಲಿ ನನ್ನ ಪಟ್ಟಿಯ ಎಲ್ಲಕ್ಕಿಂತ ಹಿಂದೆ ಬೀಳುತ್ತದೆ. ಜಿಂಕೆಗೆ ಮಾತ್ರ ಅದು ಗೊತ್ತಾಗುವುದಿಲ್ಲ.

ನಿಜವಾದ ವ್ಯತ್ಯಾಸ ತಿಳಿದದ್ದು ಭುಜಕ್ಕೆ. ಸುಮಾರು ಎಂಟು ಪೌಂಡಿನ ಬಂದೂಕಿನಲ್ಲಿ .243ರ ಒದೆತ 9 ಅಡಿ-ಪೌಂಡಿನ (ಇದು ಶಕ್ತಿಯ ಅಳತೆ) ಆಸುಪಾಸು, 6.5 ಕ್ರೀಡ್‌ಮೋರ್ ಮತ್ತು 7 ಎಂಎಂ-08ರದು 12-13, .308ರದು 15-16, ಭಾರದ ಗುಂಡು ಹಾಕಿದ .30-06ರದು 20. ಅಂಕಿಯಾಗಿ ಓದಿದಾಗ ಇದು ಸಣ್ಣ ವಿಷಯವೆನಿಸಿತ್ತು. ಗುರಿ ಅಭ್ಯಾಸದ ಮೈದಾನದಲ್ಲಿ ಸ್ನೇಹಿತರೊಬ್ಬರು ತಮ್ಮ .30-06 ಕೊಟ್ಟು ಐದು ಈಡು ಹೊಡೆಸಿದರು. ಆರನೆಯ ಬಾರಿಗೆ, ನನಗೆ ತಿಳಿಯದಂತೆ, ತೋಟೆಯಿಲ್ಲದ ಬಂದೂಕನ್ನೇ ಕೈಗಿತ್ತರು. ಕುದುರೆ ಎಳೆದಾಗ ಶಬ್ದ ಬರಲಿಲ್ಲ, ಆದರೆ ನಳಿಗೆ ಎರಡಂಗುಲ ತಗ್ಗಿತು, ನನ್ನ ಕಣ್ಣು ಮುಚ್ಚಿತ್ತು. ಒದೆತ ಬರುವ ಮೊದಲೇ ಮೈ ಅದಕ್ಕೆ ಹೆದರಿಕೊಂಡಿತ್ತು. ಅದೇ ಪರೀಕ್ಷೆಯನ್ನು ಮತ್ತೊಂದು ದಿನ 7 ಎಂಎಂ-08ರಲ್ಲಿ ಮಾಡಿದಾಗ ನಳಿಗೆ ಕದಲಲಿಲ್ಲ. ಕ್ಯಾಲಿಬರ್ ಆರಿಸುತ್ತಿರುವ ಯಾರಿಗೇ ಆದರೂ ನಾನು ಹೇಳುವುದು ಇದೊಂದನ್ನೇ: ಯಾರ ಬಳಿಯಾದರೂ ಬೇಡಿ ಪಡೆದು, ಈ ಖಾಲಿ ಬಂದೂಕಿನ ಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ಹಣ ಕೊಡಿ. ಚಿಕ್ಕ ಮೈಕಟ್ಟಿನವರಿಗೆ, ಹೊಸಬರಿಗೆ .243 ಚೆನ್ನಾಗಿ ಒಗ್ಗುತ್ತದೆ. ಆದರೆ ಅದರ ಗುಂಡು ಹಗುರ, ಆದ್ದರಿಂದ ಜಿಂಕೆ ಓರೆಯಾಗಿ ನಿಂತಿದ್ದರೆ ಈಡನ್ನು ತಡೆಹಿಡಿಯುವ ಸಂಯಮ ಇನ್ನೂ ಹೆಚ್ಚು ಬೇಕು.

ಒದೆತ ಸಮವಾಗಿರುವಾಗ 6.5 ಕ್ರೀಡ್‌ಮೋರ್ ಬಿಟ್ಟು 7 ಎಂಎಂ-08 ಏಕೆ ಎಂದು ಕೇಳಿದರೆ, ಉತ್ತರ ಅಷ್ಟೇನೂ ಘನವಾದುದಲ್ಲ. ಅಂಗಡಿಯಲ್ಲಿ ಆ ಮಾದರಿಯ 7 ಎಂಎಂ-08 ಒಂದೇ ಉಳಿದಿತ್ತು. ಬಹಳ ದಿನ ಯಾರೂ ಕೇಳದ್ದರಿಂದ 80 ಡಾಲರ್ ಇಳಿಸಿದ್ದರು. ಯಾರೂ ಏಕೆ ಕೇಳಲಿಲ್ಲ ಎಂದು ಆಗ ನಾನು ಕೇಳಲಿಲ್ಲ.

ಕೊಳ್ಳುವ ಮುನ್ನ ಇಲ್ಲಿರುವ ಕನ್ನಡಿಗರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿಯುಳ್ಳವರಿಗೆ ಅದರಲ್ಲಿ ವಿನಾಯಿತಿಯಿದೆ, ಆದರೂ ವಕೀಲರನ್ನು ಕೇಳದೆ ಮುಂದುವರಿಯಬಾರದು. ಜನವರಿ 1, 1973ರಂದು ಅಥವಾ ಆನಂತರ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಪರವಾನಗಿ ಪಡೆಯಲು ಸಾಮಾನ್ಯವಾಗಿ ಬೇಟೆಗಾರರ ಶಿಕ್ಷಣದ ತರಗತಿ ಮುಗಿಸಿರಬೇಕು.

ಇನ್ನು ಕಾಡಿನಲ್ಲಿ ಈ ತೋಟೆ ನಡೆದುಕೊಂಡ ರೀತಿ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಆರಂಭವಾಗುವ ಒಂಬತ್ತು ದಿನಗಳ ಬಂದೂಕು ಹಂಗಾಮಿನಲ್ಲಿ, ಎರಡು ವರ್ಷಗಳಲ್ಲಿ ಮೂರು ಜಿಂಕೆಗಳು ನನಗೆ ದಕ್ಕಿವೆ. ಮೊದಲನೆಯದು 70 ಗಜದಲ್ಲಿ ಅಡ್ಡವಾಗಿ ನಿಂತಿದ್ದ ಹೆಣ್ಣು. 140 ಗ್ರೇನಿನ ಸೀಸದ ಗುಂಡು ಮುಂಗಾಲಿನ ಹಿಂದೆ ಒಳಹೊಕ್ಕು ಶ್ವಾಸಕೋಶಗಳನ್ನು ದಾಟಿ ಆಚೆ ಹೋಗಿತ್ತು. ಅದು ಅರವತ್ತು ಹೆಜ್ಜೆ ಓಡಿ ಬಿತ್ತು, ಹಿಮದ ಮೇಲಿನ ರಕ್ತದ ಜಾಡು ಮಗುವೂ ಹಿಡಿಯುವಂತಿತ್ತು. ಎರಡನೆಯದು 140 ಗಜದ ಗಂಡು. ಗುಂಡು ಸ್ವಲ್ಪ ಮುಂದಾಗಿ ಭುಜದ ಮೂಳೆಗೆ ತಗುಲಿ, ಪ್ರಾಣಿ ನಿಂತಲ್ಲೇ ಕುಸಿಯಿತು. ಆದರೆ ಆ ಕಡೆಯ ಭುಜದ ಮಾಂಸ ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಾಗಿ, ಎರಡು ಕಿಲೋದಷ್ಟನ್ನು ಬಿಸಾಡಬೇಕಾಯಿತು. ಕೊಯ್ಯುವಾಗ ಗಾಯದಿಂದ ಒಂದು ಗೇಣು ದೂರದಲ್ಲೂ ಸೀಸದ ಚೂರು ಸಿಕ್ಕಿತು.

ಆ ಚೂರು ನನ್ನನ್ನು ತಾಮ್ರದ ಗುಂಡಿನತ್ತ ತಿರುಗಿಸಿತು. 2008ರಲ್ಲಿ ನಾರ್ತ್ ಡಕೋಟ ರಾಜ್ಯದ ಆರೋಗ್ಯಾಧಿಕಾರಿಗಳು, ದಾನವಾಗಿ ಬಂದ ಜಿಂಕೆಯ ಕೈಮಾದಲ್ಲಿ ಸೀಸದ ಕಣಗಳು ಕಂಡುಬಂದದ್ದರಿಂದ ಅದನ್ನು ಹಂಚಬೇಡಿ ಎಂದು ಆಹಾರ ದಾನ ಕೇಂದ್ರಗಳಿಗೆ ಸೂಚಿಸಿದ್ದರು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಬೇಯಿಸಿದ ಜಿಂಕೆಯ ಮಾಂಸವನ್ನು ನಮ್ಮ ಮನೆಯಲ್ಲಿ ಮಕ್ಕಳೂ ತಿನ್ನುತ್ತಾರೆ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಮತ್ತು ಅದು ಹೂವಿನಂತೆ ಅರಳಬೇಕಾದರೆ ತಗಲುವಾಗ ಸುಮಾರು 2,000 ಅಡಿ ವೇಗ ಉಳಿದಿರಬೇಕೆಂಬುದು ರೂಢಿಯ ಲೆಕ್ಕ. ಹಾಗಾಗಿ ತಾಮ್ರದಲ್ಲಿ ಒಂದು ಹಂತ ಹಗುರವಾದ ಗುಂಡನ್ನು ಆರಿಸಿ ವೇಗವನ್ನು ಉಳಿಸಿಕೊಳ್ಳುವುದು ಜಾಣತನ. ಇಲ್ಲಿ 7 ಎಂಎಂ-08 ನಿಜಕ್ಕೂ ಮಿಂಚುತ್ತದೆ: 120 ಗ್ರೇನಿನ ತಾಮ್ರದ ಗುಂಡು 3,000 ಅಡಿಯ ಆಸುಪಾಸಿನಲ್ಲಿ ಹೊರಟು, ಒದೆತವನ್ನು ಇನ್ನಷ್ಟು ತಗ್ಗಿಸುತ್ತದೆ. ಮೂರನೆಯ ಜಿಂಕೆಯನ್ನು ಅದರಿಂದಲೇ 110 ಗಜದಲ್ಲಿ ಹೊಡೆದೆ. ಗುಂಡು ಎರಡೂ ಬದಿ ದಾಟಿತ್ತು, ಹಾಳಾದ ಮಾಂಸ ಒಂದು ಹಿಡಿ. (ಈ ಭಾಗದಲ್ಲಿ 2002ರಿಂದ ಜಿಂಕೆಗಳ ಮಿದುಳನ್ನು ಹಾಳುಮಾಡಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ ಕಾಣಿಸಿಕೊಂಡಿದೆ, ತಲೆಯನ್ನು ಕೊಟ್ಟರೆ ರಾಜ್ಯದ ಇಲಾಖೆ ಉಚಿತವಾಗಿ ಪರೀಕ್ಷಿಸುತ್ತದೆ. ವರದಿ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇರಲಿ.)

ದೂರು ಒಂದೇ, ಆದರೆ ಸಣ್ಣದಲ್ಲ. ಎರಡನೆಯ ವರ್ಷ ಅಕ್ಟೋಬರ್ ಕೊನೆಯಲ್ಲಿ ತೋಟೆ ಕೊಳ್ಳಲು ಹೊರಟಾಗ ಮೂರು ಅಂಗಡಿ ಸುತ್ತಿದರೂ ನನ್ನ ಬಂದೂಕಿಗೆ ಹೊಂದಿಸಿಕೊಂಡಿದ್ದ ತೋಟೆ ಸಿಗಲಿಲ್ಲ. .308ಕ್ಕೆ ಒಂದಿಡೀ ಕಪಾಟು, 6.5 ಕ್ರೀಡ್‌ಮೋರ್‌ಗೆ ಅರ್ಧ ಕಪಾಟು, 7 ಎಂಎಂ-08ಕ್ಕೆ ಕೆಳಗಿನ ಮೂಲೆಯಲ್ಲಿ ಎರಡು ಡಬ್ಬಿ, ಅದೂ ಬೇರೆ ತಯಾರಿಕೆಯದು. ಕೊಂಡು ತಂದು ಹೊಡೆದು ನೋಡಿದರೆ ನೂರು ಗಜದಲ್ಲಿ ಹಳೆಯ ಗುರಿಗಿಂತ ಎರಡೂವರೆ ಅಂಗುಲ ಎಡಕ್ಕೆ ಬಿದ್ದವು. ಹೊಸ ತೋಟೆಗೆ ಗುರಿ ಹೊಂದಿಸಲೇ ಒಂದು ಡಬ್ಬಿ ಖಾಲಿಯಾಯಿತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಉಳಿಸಿದ 80 ಡಾಲರ್ ಹೀಗೆ ಎರಡೇ ವರ್ಷದಲ್ಲಿ ಕರಗಿತು. ಮನೆಯಲ್ಲೇ ತೋಟೆ ತುಂಬಿಕೊಳ್ಳುವವರಿಗೆ ಈ ಕಷ್ಟವಿಲ್ಲ, .308ರ ಹಳೆಯ ಖೋಲುಗಳನ್ನೇ ಅವರು ಅಳತೆಗೆ ತಂದುಕೊಳ್ಳಬಲ್ಲರು. ನನಗೆ ಅದಕ್ಕೆ ಬೇಕಾದ ತಾಳ್ಮೆಯೂ ಇಲ್ಲ, ಗ್ಯಾರೇಜಿನಲ್ಲಿ ಜಾಗವೂ ಇಲ್ಲ.

ಆದ್ದರಿಂದ, ಮನೆಯಲ್ಲಿ ಒಂದೇ ರೈಫಲ್ ಇರಬೇಕೆನ್ನುವವರು, ಹಂಗಾಮಿನ ಹಿಂದಿನ ವಾರವೇ ತೋಟೆ ಕೊಳ್ಳುವ ಅಭ್ಯಾಸದವರು 6.5 ಕ್ರೀಡ್‌ಮೋರನ್ನು, ಭುಜ ಗಟ್ಟಿಯಿದ್ದರೆ .308ನ್ನು ಕೊಳ್ಳುವುದು ಮೇಲು. ಜಿಂಕೆಯ ಮಟ್ಟಿಗೆ ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಮೊದಲೇ ಕೂಡಿಟ್ಟುಕೊಳ್ಳುವವರಿಗೆ 7 ಎಂಎಂ-08ನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಈ ಬೇಸಿಗೆಯಲ್ಲಿ ತಾಮ್ರದ ಗುಂಡಿನ ತೋಟೆ ಒಂದೇ ಲಾಟಿನದು ಸಿಕ್ಕಾಗ ಇಪ್ಪತ್ತರ ಏಳು ಡಬ್ಬಿಗಳನ್ನು ಒಟ್ಟಿಗೆ ತಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಅಭ್ಯಾಸಕ್ಕೂ ಬೇಟೆಗೂ ಸೇರಿ ನನಗೆ ವರ್ಷಕ್ಕೆ ಇಪ್ಪತ್ತೈದು ಸಾಕು. ಐದು ವರ್ಷ ಅಂಗಡಿಯ ಕೆಳಗಿನ ಮೂಲೆಯನ್ನು ಬಗ್ಗಿ ನೋಡಬೇಕಾಗಿಲ್ಲ.