ಪಕ್ಷ ಬದಲಿಸದ ಅಮೆರಿಕದ ರಾಜ್ಯಗಳು: 649 ರೂಪಾಯಿಯ ಗೋಡೆ ನಕ್ಷೆ, ಒಂದು ಮಳೆಗಾಲ ಕಳೆದ ಮೇಲೆ

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಲ್ಯಾಮಿನೇಟ್ ಮಾಡಿದ ಗೋಡೆ ನಕ್ಷೆ. ಅಮೆರಿಕದ 50 ರಾಜ್ಯ, ಪ್ರತಿಯೊಂದರ ಮೇಲೂ ಒಂದು ಇಸವಿ. ಅಂದರೆ ಯಾವ ವರ್ಷದಿಂದ ಆ ರಾಜ್ಯ ಅಧ್ಯಕ್ಷರ ಚುನಾವಣೆಯಲ್ಲಿ ಒಂದೇ ಪಕ್ಷವನ್ನು ಗೆಲ್ಲಿಸಿಕೊಂಡು ಬಂದಿದೆ ಅಂತ. ಇಸವಿ ಹಳೆಯದಾದಷ್ಟೂ ಬಣ್ಣ ಗಾಢ. 2024ರ ಫಲಿತಾಂಶದವರೆಗೂ ಇದೆ. ಆನ್‌ಲೈನ್‌ನಲ್ಲಿ ತರಿಸಿದ್ದು, 649 ರೂಪಾಯಿ, ಕೊರಿಯರ್‌ಗೆ ಬೇರೆ 80. ಮಾರಿದವರ ಹೆಸರು ಹಾಕುತ್ತಿಲ್ಲ. ಮುಂದೆ ಒಂದೆರಡು ದೂರು ಹೇಳುವವನಿದ್ದೇನೆ, ಸಣ್ಣ ವ್ಯಾಪಾರದವರು ಪಾಪ, ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ.

ನಿನಗ್ಯಾಕೆ ಬೇಕಿತ್ತು ಇದೆಲ್ಲ ಅಂತ ಮನೆಯಲ್ಲೂ ಕೇಳಿದರು. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ತಂಗಿ ಮಗ ಡಲ್ಲಾಸ್‌ನಲ್ಲಿದ್ದಾನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಅಡಿಕೆ ತರುವ ಬೆಳೆಗಾರರಲ್ಲಿ ಎಷ್ಟೋ ಜನರ ಮಗನೋ ಅಳಿಯನೋ ಅಲ್ಲೇ ಇರುವುದು. 2024ರ ನವೆಂಬರಿನಲ್ಲಿ ತೂಕಕ್ಕೆ ಕಾಯುತ್ತಾ ಕೂತವರಿಗೆಲ್ಲ ಟ್ರಂಪ್, ಹ್ಯಾರಿಸ್ ಮಾತೇ ಮಾತು. ಅಷ್ಟು ದೊಡ್ಡ ದೇಶ, 50 ರಾಜ್ಯ, ಆದರೆ ಟಿವಿಯಲ್ಲಿ ಮಾತ್ರ ಪೆನ್ಸಿಲ್ವೇನಿಯ, ಜಾರ್ಜಿಯ, ಅರಿಜೋನ ಅಂತ ಏಳೇ ರಾಜ್ಯದ ಹೆಸರು ಯಾಕೆ ಬರುತ್ತೆ ಅಂತ ಕೇಳಿದರೆ ನನಗೂ ಉತ್ತರ ಗೊತ್ತಿರಲಿಲ್ಲ. ಉಳಿದ 43 ರಾಜ್ಯದವರು ಏನು ಮಾಡುತ್ತಾರೆ? ಸುಮ್ನೆ ಮನೆಯಲ್ಲಿ ಕೂತಿರುತ್ತಾರಾ? ಅದಕ್ಕೇ ತರಿಸಿದೆ.

ಪ್ಯಾಕಿಂಗ್ ಚೆನ್ನಾಗಿತ್ತು. ರಟ್ಟಿನ ಕೊಳವೆಯಲ್ಲಿ ಸುತ್ತಿ ಕಳಿಸಿದ್ದರು. ಫ್ಲೋರಿಡಾ ತುದಿಯಲ್ಲಿ ಮಾತ್ರ ಒಂದು ಮಡಿಕೆ ಬಿದ್ದಿತ್ತು, ಅದು ಕೊರಿಯರ್‌ನವರ ಕೈಚಳಕ ಇರಬೇಕು. ಜೂನ್ ಮೊದಲ ವಾರ ಮಂಡಿಯ ಒಳಕೋಣೆಯಲ್ಲಿ, ಕ್ಯಾಲೆಂಡರ್ ಪಕ್ಕ ಮೊಳೆ ಹೊಡೆದು ಹಾಕಿದೆ. ಜುಲೈ ಹೊತ್ತಿಗೆ ಲ್ಯಾಮಿನೇಷನ್‌ನ ಅಂಚು ಬಿಟ್ಟುಕೊಂಡು ಸುರುಳಿ ಸುತ್ತಲು ಶುರು. ಆಗಸ್ಟ್‌ನಲ್ಲಿ ಒಳಗೆ ತೇವ ಹೋಗಿ ವಯೋಮಿಂಗ್ ಮೇಲೆ ರೂಪಾಯಿ ನಾಣ್ಯದಷ್ಟು ಬೂಸ್ಲು ಬಂತು. ನಮ್ಮ ಮಳೆಗೆ ಚಪ್ಪಲಿ, ಬೆಲ್ಟ್, ದೇವರ ಫೋಟೋ ಎಲ್ಲಕ್ಕೂ ಬೂಸ್ಲು ಬರುತ್ತೆ, ನಕ್ಷೆಯದೇನು ದೊಡ್ಡದು. ಆದರೂ ಮಲೆನಾಡಿನವರು ತಗೊಳ್ಳುವುದಾದರೆ ನಾಲ್ಕೂ ಅಂಚಿಗೆ ಸೆಲ್ಲೋಟೇಪ್ ಹಾಕಿಯೇ ಗೋಡೆಗೆ ಏರಿಸಿ.

ಇನ್ನು ಬಣ್ಣ. ಕೆಂಪು ಅಂದರೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ, ನೀಲಿ ಅಂದರೆ ಹ್ಯಾರಿಸ್ ಅವರ ಡೆಮಾಕ್ರಟಿಕ್ ಪಕ್ಷ. ಮೊದಲ ದಿನವೇ ಹೊಸನಗರದ ಗೌಡ್ರೊಬ್ಬರು ಒಳಗೆ ಬಂದವರು ಕನ್ನಡಕ ಏರಿಸಿ ನೋಡಿ, "ಅಲ್ಲ ಮಾರಾಯ್ರೆ, ಅಮೆರಿಕದಲ್ಲಿ ಇಷ್ಟೊಂದು ಕಮ್ಯುನಿಸ್ಟ್ ಇದಾರಾ?" ಅಂದರು. ಅವರ ತಪ್ಪೇನಿಲ್ಲ. ಅಲ್ಲಿಯೂ ಈ ಬಣ್ಣ ಗಟ್ಟಿಯಾಗಿ ನಿಂತಿದ್ದು 2000ದ ಚುನಾವಣೆಯ ನಂತರವೇ. ಅದಕ್ಕೂ ಮೊದಲು ಒಂದೊಂದು ಟಿವಿಯವರು ಒಂದೊಂದು ಥರ ತೋರಿಸುತ್ತಿದ್ದರು. ನಕ್ಷೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಇರಬೇಕಿತ್ತು.

ನಕ್ಷೆ ನಿಜವಾಗಿ ಗೆಲ್ಲುವುದು ಆ ಇಸವಿಗಳಲ್ಲಿ. ದೇಶದ ನಡುವೆ ಮತ್ತು ಪಶ್ಚಿಮಕ್ಕೆ 1968, 1968, 1968 ಅಂತ ಒಂದು ಸಾಲೇ ಇದೆ. ಕಾನ್ಸಾಸ್, ನೆಬ್ರಾಸ್ಕಾ, ಒಕ್ಲಹೋಮ, ಎರಡು ಡಕೋಟಾಗಳು, ವಯೋಮಿಂಗ್, ಐಡಹೋ, ಯೂಟಾ, ಮೇಲೆ ಮೂಲೆಯ ಡಬ್ಬಿಯಲ್ಲಿ ಅಲಾಸ್ಕ. ಈ ಒಂಬತ್ತೂ 1964ರಲ್ಲಿ ಲಿಂಡನ್ ಜಾನ್ಸನ್ ಅಲೆಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಹಾಕಿದ್ದೇ ಕೊನೆ, ಆಮೇಲೆ 15 ಚುನಾವಣೆ ಕಳೆದರೂ ಆ ಕಡೆ ತಿರುಗಿ ನೋಡಿಲ್ಲ. ಅಲಾಸ್ಕವಂತೂ ರಾಜ್ಯವಾಗಿ ಮತ ಹಾಕಲು ಶುರು ಮಾಡಿದ ಮೇಲೆ ಡೆಮಾಕ್ರಟಿಕ್ ಪಕ್ಷಕ್ಕೆ ಗೆಲುವು ಕೊಟ್ಟಿದ್ದು ಆ ಒಂದೇ ಸಲ. ಟೆಕ್ಸಸ್, ಅಲಬಾಮ, ಮಿಸಿಸಿಪ್ಪಿ, ಸೌತ್ ಕರೊಲಿನದ ಮೇಲೆ 1980. ಅಂದರೆ ಜಿಮ್ಮಿ ಕಾರ್ಟರ್ 1976ರಲ್ಲಿ ಗೆದ್ದಿದ್ದೇ ಅಲ್ಲಿ ಆ ಪಕ್ಷದ ಕೊನೆಯ ಗೆಲುವು. ನೀಲಿ ಕಡೆ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ವಾಷಿಂಗ್ಟನ್ (ರಾಜಧಾನಿ ಅಲ್ಲ, ಪಶ್ಚಿಮದ ರಾಜ್ಯ), ಆರೆಗಾನ್, ಹವಾಯಿಗೆ 1988. ಕ್ಯಾಲಿಫೋರ್ನಿಯಾಕ್ಕೆ 1992.

ಇದನ್ನು ನೋಡಿದರೆ ಏಳೇ ರಾಜ್ಯದ ಕತೆ ತಾನಾಗಿಯೇ ಅರ್ಥವಾಗುತ್ತೆ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿಕೊಟ್ಟ ಎಲೆಕ್ಟೋರಲ್ ವೋಟು. ಒಟ್ಟು 538, ಗೆಲ್ಲಲು 270 ಬೇಕು. ಹೆಚ್ಚುಕಮ್ಮಿ ಎಲ್ಲ ರಾಜ್ಯದಲ್ಲೂ ಒಂದು ವೋಟಿನಿಂದ ಗೆದ್ದರೂ ಆ ರಾಜ್ಯದ ಪೂರ್ತಿ ಲೆಕ್ಕ ಗೆದ್ದವನಿಗೇ. ಹಾಗಿರುವಾಗ ಸೋಲುವುದು ಖಂಡಿತ ಅಂತ ಗೊತ್ತಿರುವ ಕಡೆ ಯಾರು ದುಡ್ಡು ಸುರಿಯುತ್ತಾರೆ? ಗೆಲ್ಲುವುದು ಖಂಡಿತ ಅಂತ ಇರುವ ಕಡೆಗೂ ಹೋಗಲ್ಲ. 2016, 2020, 2024, ಈ ಮೂರೂ ಚುನಾವಣೆ ಪಕ್ಕಪಕ್ಕ ಇಟ್ಟರೆ ಆ ಕಡೆ ಈ ಕಡೆ ಆಗಿದ್ದು ಆರೇ ರಾಜ್ಯ: ಅರಿಜೋನ, ಜಾರ್ಜಿಯ, ಮಿಷಿಗನ್, ನೆವಾಡ, ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್. ಬಾಕಿ 44, ಟಿವಿಯವರ ಏಳನೆಯದಾದ ನಾರ್ತ್ ಕರೊಲಿನವೂ ಸೇರಿ, ಮೂರು ಸಲವೂ ಒಂದೇ ಕಡೆ.

ಈಗ ನನ್ನ ದೊಡ್ಡ ತಕರಾರು. ಈ ನಕ್ಷೆ ಹಳೆಯದು ಅಂದರೆ ಗಟ್ಟಿ ಅಂದುಕೊಂಡಿದೆ. ಬಣ್ಣ ಗಾಢ ಆಗುವುದು ಇಸವಿ ನೋಡಿ, ಗೆಲುವಿನ ಅಂತರ ನೋಡಿ ಅಲ್ಲ. ಅದರ ಪ್ರಕಾರ ಇಡೀ ನಕ್ಷೆಯಲ್ಲಿ ಅತಿ ಕಡು ನೀಲಿ ರಾಜ್ಯ ಮಿನೆಸೋಟ. ಅದರ ಮೇಲೆ 1976 ಅಂತಿದೆ. ಸುಳ್ಳಲ್ಲ, 1972ರಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ ಕೊಟ್ಟಿದ್ದೇ ಕೊನೆ. ಆದರೆ ಆ ಸಾಲು ಉಳಿದುಕೊಂಡ ಕತೆ ಕೇಳಿ. 1984ರಲ್ಲಿ ರೇಗನ್ 49 ರಾಜ್ಯ ಗುಡಿಸಿ ಹಾಕಿದಾಗ ಉಳಿದ ಒಂದೇ ಒಂದು ರಾಜ್ಯ ಇದು, ಅದೂ ಎದುರಾಳಿ ವಾಲ್ಟರ್ ಮಾಂಡೇಲ್ ಇದೇ ಊರಿನವರು ಅಂತ, ಅದೂ 4,000ಕ್ಕಿಂತ ಕಡಿಮೆ ವೋಟಿನಲ್ಲಿ! ನಮ್ಮಲ್ಲಿ ಒಂದು ಜಿಲ್ಲಾ ಪಂಚಾಯಿತಿ ಕ್ಷೇತ್ರದ ಲೀಡ್ ಅದಕ್ಕಿಂತ ಜಾಸ್ತಿ ಬರಬಹುದು. 2016ರಲ್ಲಿ ನೂರಕ್ಕೆ ಒಂದೂವರೆ ವೋಟಿನ ಅಂತರ. 2024ರಲ್ಲಿ ನೂರಕ್ಕೆ 4ರ ಆಸುಪಾಸು. ಇದನ್ನು ಕಡು ನೀಲಿ ಅಂತ ಹೇಗೆ ಒಪ್ಪುವುದು?

ಅದೇ ಪಕ್ಕದಲ್ಲಿ ಇಂಡಿಯಾನ ನೋಡಿ. 2008ರಲ್ಲಿ ಒಬಾಮ ಕಡೆ ಒಂದೇ ಸಲ ವಾಲಿತ್ತು, ಹಾಗಾಗಿ ಅದರ ಮೇಲೆ 2012 ಅಂತ ಹಾಕಿ ತೆಳು ಕೆಂಪು ಬಳಿದಿದ್ದಾರೆ, ಏನೋ ಈಗತಾನೇ ಬಂದು ಸೇರಿದ ಹಾಗೆ. 2024ರಲ್ಲಿ ಅಲ್ಲಿ ಟ್ರಂಪ್ ಗೆದ್ದ ಅಂತರ ನೂರಕ್ಕೆ 19.

ಮಂಡಿಯಲ್ಲಿ ನಾವು ಹೀಗೆ ಮಾಡಲ್ಲ. ಚೀಲದ ಮೇಲಿನ ಚೀಟಿ ನೋಡಿ ಯಾರೂ ದರ ಹೇಳಲ್ಲ. ಬಿಚ್ಚಿ, ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು, ಎರಡು ಅಡಿಕೆ ಕತ್ತರಿಸಿ ಒಳಗಿನ ತಿರುಳು ನೋಡುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಮೇಲಿನ ದರ್ಜೆಯಿಂದ ಕೆಳಗಿನವರೆಗೆ ಬೇರೆ ಬೇರೆ ಮಾಡಿ ಆಮೇಲೆ ಮಾತು. ಈ ನಕ್ಷೆ ಮಾಡಿದವರು ಎಲ್ಲವನ್ನೂ ಒಟ್ಟಿಗೆ ಸುರಿದುಬಿಟ್ಟಿದ್ದಾರೆ.

ಹಾಗಾಗಿ ನಾನೇ ಒಂದು ಭಾನುವಾರ ಮಾರ್ಕರ್ ಪೆನ್ ಹಿಡಿದು ಕೂತೆ. ಪ್ರತಿ ರಾಜ್ಯದ ಇಸವಿಯ ಕೆಳಗೆ 2024ರ ಅಂತರ ಬರೆದೆ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು. (ಆರ್ಕನ್ಸಾಸ್ ಅಂತ ಬರೆದಿದ್ದೆ, ತಂಗಿ ಮಗ ಫೋಟೋ ನೋಡಿ ಅದು ಆರ್ಕನ್ಸಾ ಮಾವ ಅಂದ. ಹಾಗಾದರೆ ಕಾನ್ಸಾಸ್ ಯಾಕೆ ಕಾನ್ಸಾ ಅಲ್ಲ ಅಂದಿದ್ದಕ್ಕೆ ಫೋನ್ ಇಟ್ಟ.) ನನ್ನ ಲೆಕ್ಕದಲ್ಲಿ ಸರಕು ಅಂದರೆ ಎರಡೂ ಪರೀಕ್ಷೆ ಪಾಸಾದವು, ಹಳೆಯದೂ ಹೌದು, ಅಂತರವೂ ದೊಡ್ಡದು. ವಯೋಮಿಂಗ್ ಅದರಲ್ಲಿ ಮೊದಲು. ನೂರಕ್ಕೆ 46ರ ಅಂತರ! ಐಡಹೋ, ನಾರ್ತ್ ಡಕೋಟ, ಒಕ್ಲಹೋಮ ಅದರ ಹಿಂದೆ. ಒಕ್ಲಹೋಮದ 77 ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 2004ರಿಂದ ಈಚೆಗೆ ಒಂದೇ ಒಂದರಲ್ಲೂ ಡೆಮಾಕ್ರಟಿಕ್ ಅಭ್ಯರ್ಥಿ ಮುಂದೆ ಬಂದಿಲ್ಲ. ನೀಲಿ ಕಡೆ ಮ್ಯಾಸಚೂಸೆಟ್ಸ್, ಮೇರಿಲ್ಯಾಂಡ್, ಹವಾಯಿ. ಟೆಕ್ಸಸ್‌ನ್ನು ಬೆಟ್ಟೆಗೆ ಇಳಿಸಿದೆ, 2020ರಲ್ಲಿ ನೂರಕ್ಕೆ 6ರೊಳಗೆ ಬಂದಿದ್ದ ಅಂತರ 2024ರಲ್ಲಿ 13 ದಾಟಿತು, ಹೀಗೆ ಏರಿಳಿಯುವುದನ್ನು ಸರಕು ಅನ್ನಲಾಗದು. ನ್ಯೂಜೆರ್ಸಿ ಉಲ್ಟಾ, 16ರಿಂದ 6ಕ್ಕೆ ಇಳಿದಿದೆ, ನಕ್ಷೆಯಲ್ಲಿ ಮಾತ್ರ ಕ್ಯಾಲಿಫೋರ್ನಿಯಾದಷ್ಟೇ ನೀಲಿ. ಮಿನೆಸೋಟ ಗೊರಬಲಿಗೆ. ಬೇಜಾರಾದರೆ ಆಗಲಿ.

ವಯೋಮಿಂಗ್ ಬಗ್ಗೆ ಇನ್ನೊಂದು ಮಾತು. ಅಲ್ಲಿಯ ಜನಸಂಖ್ಯೆ 2020ರಲ್ಲಿ ಸುಮಾರು 5.8 ಲಕ್ಷ. ನಮ್ಮ ಶಿವಮೊಗ್ಗ ಜಿಲ್ಲೆಯದು 2011ರಲ್ಲೇ 17.5 ಲಕ್ಷ. ನಮ್ಮ ಮೂರನೇ ಒಂದು ಭಾಗದ ಜನಕ್ಕೆ 3 ಎಲೆಕ್ಟೋರಲ್ ವೋಟು. ಕ್ಯಾಲಿಫೋರ್ನಿಯಾಕ್ಕೆ 54 ಇದ್ದರೂ ತಲೆ ಎಣಿಸಿದರೆ ಅಲ್ಲಿ ಏಳು ಲಕ್ಷ ಚಿಲ್ಲರೆ ಜನಕ್ಕೆ ಒಂದು, ವಯೋಮಿಂಗ್‌ನಲ್ಲಿ ಎರಡು ಲಕ್ಷದೊಳಗೆ ಒಂದು. ಗೌಡ್ರು ಇದನ್ನು ಕೇಳಿ "ಹಂಗಾದ್ರೆ ನಮ್ ಜಿಲ್ಲೆಗೆ ಒಂಬತ್ತು ಬರ್ಬೇಕಿತ್ತು" ಅಂತ ಲೆಕ್ಕ ಹಾಕಿಯೇ ಬಿಟ್ಟರು. ಅದೇ ಜಾಗಕ್ಕೆ ಬೂಸ್ಲು ಬಂದಿದ್ದು ಬೇರೆ ವಿಷಯ.

ಗಟ್ಟಿ ಅನ್ನುವುದಕ್ಕೂ ಕಾಲ ಇದೆ. ವರ್ಮಾಂಟ್ 1856ರಿಂದ 1960ರವರೆಗೆ ಒಂದು ಸಲವೂ ತಪ್ಪದೆ ರಿಪಬ್ಲಿಕನ್. 1936ರಲ್ಲಿ ರೂಸ್‌ವೆಲ್ಟ್ ಇಡೀ ದೇಶ ಗೆದ್ದಾಗಲೂ ಬಗ್ಗದೆ ನಿಂತಿದ್ದು ಎರಡೇ ರಾಜ್ಯ, ಇದು ಮತ್ತು ಮೇನ್. ಅಂಥದ್ದು 1992ರಿಂದ ನೀಲಿ, ಈಗ ಅಂತರ ನೂರಕ್ಕೆ 30ರ ಮೇಲೆ. ವೆಸ್ಟ್ ವರ್ಜೀನಿಯ ಇದರ ತದ್ವಿರುದ್ಧ. ಕಲ್ಲಿದ್ದಲು ಗಣಿ, ಗಣಿ ಕಾರ್ಮಿಕರ ಯೂನಿಯನ್, ತಲೆಮಾರುಗಟ್ಟಲೆ ಡೆಮಾಕ್ರಟಿಕ್. 1980ರಲ್ಲಿ ರೇಗನ್ ಅಲೆಗೂ ಜಗ್ಗಲಿಲ್ಲ. 2000ದಲ್ಲಿ ತಿರುಗಿತು ನೋಡಿ, ಈಗ ನೂರಕ್ಕೆ 70 ಟ್ರಂಪ್‌ಗೆ. ನಕ್ಷೆಯಲ್ಲಿ ಈ ಎರಡಕ್ಕೂ 'ಇದಕ್ಕೂ ಮೊದಲು' ಅಂತ ಒಂದು ಚಿಕ್ಕ ಇಸವಿ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಒಂದು ದಿನ ಸೊರಬದ ಹಿರಿಯರೊಬ್ಬರು ಚಹಾ ಕುಡಿಯುತ್ತಾ ನಿಂತು ನೋಡಿ, "ಇವರಿಗೆ ಮನುಷ್ಯನ್ನ ನೋಡಿ ವೋಟ್ ಹಾಕಕ್ಕೆ ಬರಲ್ವಾ?" ಅಂತ ಕೇಳಿದರು. ಸೊರಬದವರು ಕೇಳಲೇಬೇಕಾದ ಪ್ರಶ್ನೆ, ಅಲ್ವಾ? ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಅದೇ ಸೊರಬದ ಬಂಗಾರಪ್ಪನವರು 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್‌ನಿಂದ ಗೆದ್ದರು, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ನಾಲ್ಕು ಗೆಲುವು, ನಾಲ್ಕು ಪಕ್ಷ, ಅದೇ ಮತದಾರರು. ಶಿಕಾರಿಪುರವೂ 2013ರಲ್ಲಿ ಯಡಿಯೂರಪ್ಪನವರ ಹಿಂದೆ ಅವರ ಹೊಸ ಪಕ್ಷ ಕೆಜೆಪಿಗೆ ಹೋಗಿ ತೆಂಗಿನಕಾಯಿ ಗುರುತಿಗೆ ಒತ್ತಿತ್ತು. ನಮ್ಮನ್ನು ಈ ನಕ್ಷೆಯಲ್ಲಿ ಹಾಕಿದರೆ ಬಣ್ಣದ ಡಬ್ಬಿ ಸಾಲದು.

ಅಲ್ಲಿ ಇದಕ್ಕೆ ಹತ್ತಿರದ್ದು ಅಂದರೆ 1968. ಅಲಬಾಮದ ಗವರ್ನರ್ ಆಗಿದ್ದ ಜಾರ್ಜ್ ವಾಲೇಸ್, ಕರಿಯರನ್ನು ಬೇರೆಯಾಗಿಯೇ ಇಡಬೇಕು ಅನ್ನುತ್ತಿದ್ದ ಮನುಷ್ಯ, ಡೆಮಾಕ್ರಟಿಕ್ ಪಕ್ಷ ಬಿಟ್ಟು ಮೂರನೇ ಪಕ್ಷದಿಂದ ನಿಂತು ದಕ್ಷಿಣದ ಐದು ರಾಜ್ಯ ಗೆದ್ದ. ಕರಿಯರಿಗೆ ಸಮಾನ ಹಕ್ಕು ಕೊಡಲು ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ ತಂದ 1964ರ ನಾಗರಿಕ ಹಕ್ಕು ಕಾಯ್ದೆಯ ಸಿಟ್ಟಿನಲ್ಲಿ ದಕ್ಷಿಣದ ಬಿಳಿಯರು ಹಳೇ ಪಕ್ಷ ಬಿಟ್ಟು ಹೊರಟಿದ್ದ ಕಾಲ ಅದು. ಅಲ್ಲಿಂದ ಇಲ್ಲಿಯವರೆಗೆ ಮೂರನೇ ಪಕ್ಷದವರು ಒಂದು ರಾಜ್ಯವನ್ನೂ ಗೆದ್ದಿಲ್ಲ. ಹಿರಿಯರು ಕೇಳಿಸಿಕೊಂಡು, "ಒಳ್ಳೆ ಕಾರಣಕ್ಕೆ ಬಿಡೋದು ಯಾವಾಗ ಕಲೀತಾರೋ" ಅಂತ ಲೋಟ ಇಟ್ಟು ಹೋದರು.

ಇನ್ನೆರಡು ತಪ್ಪು, ಬೇಗ ಹೇಳಿ ಮುಗಿಸುತ್ತೇನೆ. ಮೇನ್ ಮತ್ತು ನೆಬ್ರಾಸ್ಕಾ ತಮ್ಮ ಎಲೆಕ್ಟೋರಲ್ ವೋಟನ್ನು ಹಂಚುತ್ತವೆ. ನೆಬ್ರಾಸ್ಕಾದ ಒಮಾಹ ನಗರ ಇರುವ ಎರಡನೇ ಸಂಸತ್ ಕ್ಷೇತ್ರ 2008, 2020, 2024ರಲ್ಲಿ ನೀಲಿ. ಮೇನ್‌ನ ಎರಡನೇ ಕ್ಷೇತ್ರ 2016ರಿಂದ ಮೂರೂ ಸಲ ಕೆಂಪು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಬಳಿದು ಕೈತೊಳೆದುಕೊಂಡಿದ್ದಾರೆ.

ಇನ್ನೊಂದು ಕ್ಷಮಿಸಲು ಆಗದ್ದು. ಪಕ್ಷ ಬದಲಿಸದ ಜಾಗ ಯಾವುದು ಅಂದರೆ ಮೊದಲು ಹೇಳಬೇಕಾದ್ದು ರಾಜಧಾನಿ ವಾಷಿಂಗ್ಟನ್ ಡಿಸಿ. ಅದು ರಾಜ್ಯ ಅಲ್ಲ ನಿಜ, ಆದರೆ 3 ಎಲೆಕ್ಟೋರಲ್ ವೋಟು ಇದೆ. ಮೊದಲ ಸಲ ಮತ ಹಾಕಿದ್ದು 1964ರಲ್ಲಿ. ಅಂದಿನಿಂದ ಒಂದೇ ಒಂದು ಸಲವೂ ರಿಪಬ್ಲಿಕನ್ ಅಲ್ಲ, ಮಿನೆಸೋಟವೇ ತಿರುಗಿದ 1972ರಲ್ಲೂ ಅಲ್ಲ. 2024ರಲ್ಲಿ ನೂರಕ್ಕೆ 90 ವೋಟು ಹ್ಯಾರಿಸ್‌ಗೆ. ಈ ನಕ್ಷೆಯಲ್ಲಿ ಡಿಸಿ ಅಂದರೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಬಣ್ಣ ಇಲ್ಲ, ಇಸವಿ ಇಲ್ಲ. ಮಾರಿದವರಿಗೆ ಫೋನ್ ಮಾಡಿದೆ. "ಸಾರ್, ಅದು ರಾಜ್ಯ ಅಲ್ವಲ್ಲ" ಅಂದರು. ಮೂರು ವೋಟು ಇದೆಯಲ್ಲ ಅಂದೆ. ಮುಂದಿನ ಪ್ರಿಂಟಿನಲ್ಲಿ ನೋಡೋಣ ಅಂದರು, ಮರ್ಯಾದೆಯಿಂದಲೇ ಮಾತಾಡಿದರು.

ಐದರಲ್ಲಿ ಮೂರು ಸ್ಟಾರ್. ಕಾಲೇಜಿನಲ್ಲಿ ರಾಜಕೀಯ ಶಾಸ್ತ್ರ ಓದುವ ಮಕ್ಕಳಿದ್ದರೆ, ಇಲ್ಲಾ ಮಗ ಅಲ್ಲಿದ್ದು ನೀವು ಇಲ್ಲಿ ಕೂತು ತಲೆ ಕೆಡಿಸಿಕೊಳ್ಳುವವರಾದರೆ ತಗೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಮಾರ್ಕರ್ ಪೆನ್ ಮಾತ್ರ ಅಳಿಸಲು ಬರುವಂಥದ್ದೇ ಇರಲಿ, 2028ರಲ್ಲಿ ಮತ್ತೆ ಬರೆಯಬೇಕಲ್ಲ. ನನ್ನದು ಅಳಿಸದ ಪೆನ್ನು, ಆಮೇಲೆ ಗೊತ್ತಾಯಿತು.